ಸೊನ್ನೆಗೆ ಬಂದು ನಿಂತ ಮುಳ್ಳು

ಜನವರಿ 12

ಪ್ರೀತಿಯ ಗುಂಡ,

ಇಲ್ಲಿ ಬಂದ ದಿನವೇ ಫೋನು ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕಾಗದ ಎಷ್ಟು ಬೇಕಾದರೂ ಬರೆಯಬಹುದಂತೆ. ಹಾಗಾಗಿ ಇನ್ನು ಮೂರು ತಿಂಗಳು ನಿನಗೆ ಅಕ್ಕನ ಅಕ್ಷರವೇ ಗತಿ. ಮೊದಲ ಆರು ವಾರ ಯಾರೂ ನೋಡಲು ಬರುವಂತಿಲ್ಲ. ಒಂದು ಹಗಲು, ಒಂದು ರಾತ್ರಿ ರೈಲಿನಲ್ಲಿ ಕೂತು ಬಂದು ಗೇಟಿನಲ್ಲಿ ನಿಂತು ಹೋಗಬೇಡ.

ಹೊಲಿಯುತ್ತಿದ್ದ ಗಿರಾಕಿಯ ಕೋಟಿನ ಮೇಲೆ ನಾನು ಪ್ರಜ್ಞೆ ತಪ್ಪಿ ಬಿದ್ದ ದಿನ ನೀನು ಡಾಕ್ಟರ ಮುಂದೆ “ಅಕ್ಕ ಕೆಲಸದ ಗಲಾಟೇಲಿ ಊಟ ಮರೀತಾಳೆ” ಎಂದೆಯಲ್ಲ, ಅದನ್ನು ಇಲ್ಲಿಯ ಫೈಲಿನಲ್ಲಿ ಹಾಗೆಯೇ ಬರೆದಿದ್ದಾರೆ. ಅದರ ಕೆಳಗೆ ಮೇಡಂ ಪೆನ್ಸಿಲಿನಲ್ಲಿ “ಮೂವತ್ತು ವರ್ಷದಿಂದ?” ಎಂದು ಸೇರಿಸಿದ್ದಾರೆ.

ಮೇಡಂ ಎಂದರೆ ಇಲ್ಲಿ ಊಟದ ಕಾಯಿಲೆಯ ನಮಗೆ ಚಿಕಿತ್ಸೆ ಕೊಡುವವರು. ನನಗಿಂತ ಹತ್ತು ವರ್ಷ ಚಿಕ್ಕವರು. ಮಾತಾಡುವಾಗ ಮಗುವನ್ನು ಮಲಗಿಸಿದ ಕೋಣೆಯಿಂದ ಹೊರಬಂದವರ ಹಾಗೆ ಮಾತಾಡುತ್ತಾರೆ. “ಮೈಂಡ್‌ಫುಲ್‌ನೆಸ್ ಅಂತ ಇದರ ಹೆಸರು. ಆ ಹೆಸರು ಬಾಯಿ ತುಂಬಾ ಆಯ್ತು ಅನ್ಸಿದ್ರೆ ‘ಗಮನ’ ಅನ್ನಿ ಸಾಕು” ಎಂದರು. ಬಾಯಿ ತುಂಬುವುದೇ ನಮ್ಮ ಕಾಯಿಲೆ ಎಂದು ಅವರಿಗೆ ಯಾರೂ ನೆನಪಿಸಲಿಲ್ಲ. ಮೊದಲ ದಿನ ನಮ್ಮ ಆರು ಜನಕ್ಕೂ ಒಂದೊಂದು ಕಿತ್ತಳೆ ತೊಳೆ ಕೊಟ್ಟರು. ನೋಡಬೇಕು, ಮೂಸಬೇಕು, ನಾಲಿಗೆಯ ಮೇಲಿಡಬೇಕು, ಆಮೇಲೆ ಅಗಿಯಬೇಕು. ಹತ್ತು ನಿಮಿಷ. ಮನಸ್ಸಿನಲ್ಲಿ ಏನು ಬಂದರೂ ಸರಿ ತಪ್ಪು ಎನ್ನದೆ ಸುಮ್ಮನೆ ಗಮನಿಸಬೇಕು.

“ಏನು ಗಮನಿಸಿದ್ರಿ?” ಎಂದು ನನ್ನನ್ನು ಕೇಳಿದರು.

“ಬೀಜ ಇದೆ ಮೇಡಂ.”

ಎಲ್ಲರೂ ನಕ್ಕರು. ತೊಳೆ ನನ್ನ ಅಂಗೈಯಲ್ಲೇ ಇತ್ತು.

ನನ್ನ ಕೋಣೆಯಲ್ಲಿ ಇನ್ನೊಬ್ಬಳಿದ್ದಾಳೆ. ಇಪ್ಪತ್ತು ವರ್ಷ, ಕಾಲೇಜು. ಎಲ್ಲರೂ ಗುಬ್ಬಿ ಎನ್ನುತ್ತಾರೆ. ಹಾಕಿಕೊಂಡ ಅಂಗಿ ಭುಜದಿಂದ ಜಾರುತ್ತಿತ್ತು. ಸೂಜಿ ದಾರ ತರಿಸಿ ಎರಡೂ ಪಕ್ಕ ಹಿಡಿದು ಹೊಲಿದು ಕೊಟ್ಟೆ. ಅಂದಿನಿಂದ ನಾನು ಅವಳಿಗೆ “ಟೈಲರ್ ಆಂಟಿ”. ನಾನು ಪ್ರಾಸ ಕಟ್ಟಿದರೆ ಬಿದ್ದು ಬಿದ್ದು ನಗುತ್ತಾಳೆ. ಇವತ್ತಿನದು:

ಉಸಿರು ಎಳಿ, ಉಸಿರು ಬಿಡು,
ತಟ್ಟೆ ಹತ್ರ ಎಳೆದು ಇಡು;
ಇಟ್ಟ ಮೇಲೆ ಏನ್ಮಾಡೋದು?
ಅದನ್ನ ನಾಳೆ ಹೇಳಿಬಿಡು.

ನನ್ನ ಅಂಗಡಿ ಬಾಗಿಲಿಗೆ ಒಂದು ಬೋರ್ಡು ತೂಗುಹಾಕು: “ದರ್ಜಿ ದುರಸ್ತಿಯಲ್ಲಿದ್ದಾಳೆ.”

ನಿನ್ನ ಅಕ್ಕ


ಜನವರಿ 17

ಅಕ್ಕಾ,

ಬೋರ್ಡು ಹಾಕಿದೆ. ‘ದುರಸ್ತಿ’ ಎಂಬುದನ್ನು ಮಾತ್ರ ಓದಿಕೊಂಡು ಇಬ್ಬರು ಹೊಲಿಗೆ ಮೆಷಿನ್ ಹೊತ್ತು ತಂದರು. ಒಂದನ್ನು ನಾನೇ ಬಿಚ್ಚಿದ್ದೇನೆ. ತಕ್ಕಡಿ ರಿಪೇರಿ ಮಾಡುವವನಿಗೆ ಹೊಲಿಗೆ ಮೆಷಿನ್ ಯಾವ ಲೆಕ್ಕ ಎಂದುಕೊಂಡೆ. ಮುಚ್ಚುವಾಗ ಎರಡು ತಿರುಪು ಉಳಿದವು.

ನಿನ್ನ ಕಿತ್ತಳೆ ಪ್ರಯೋಗವನ್ನು ನಾನೂ ಮಾಡಿದೆ. ಒಂದು ತೊಳೆಗೆ ಹತ್ತು ನಿಮಿಷವಾದರೆ ಹನ್ನೊಂದು ತೊಳೆಯ ಹಣ್ಣಿಗೆ ಎರಡು ಗಂಟೆಯ ಹತ್ತಿರ. ಮೂರನೇ ತೊಳೆಗೆ ತರಕಾರಿ ಮಂಡಿಯವನು ಬಂದು, “ಏನ್ ಸ್ವಾಮಿ, ಹಲ್ಲು ನೋವಾ?” ಎಂದ. ನಿನ್ನ ಮೇಡಂಗೆ ಹೇಳು, ಅವರ ಚಿಕಿತ್ಸೆ ಒಳ್ಳೆಯದೇ, ಆದರೆ ವರ್ಕ್‌ಶಾಪ್ ಮುಚ್ಚಬೇಕಾಗುತ್ತದೆ.

ನನ್ನವಳು ಕಾಗದ ಓದಿ ಏನೆಂದಳು ಗೊತ್ತೆ? “ನಿಮ್ಮಕ್ಕಂಗೆ ನಿಧಾನವಾಗಿ ತಿನ್ನೋದು ಬೇರೆ ಕಲಿಸ್ಬೇಕಾ? ಅದರಲ್ಲಿ ಅವರೇ ಪ್ರೊಫೆಸರ್.” ತಮಾಷೆಗೆ ಅಂದಳು. ಬೇಜಾರು ಮಾಡಿಕೊಳ್ಳಬೇಡ.

ಉಸಿರು ಗಿಸಿರು ಎಲ್ಲ ಇರಲಿ, ತೂಕ ಎಷ್ಟಾಯಿತು ಎಂದು ಬರೆ. ಅವರು ಹೇಳಿದ ತೂಕ ಬಂದರೆ ಬಿಟ್ಟು ಕಳಿಸುತ್ತಾರೆ ಎಂದು ಆಫೀಸಿನಲ್ಲಿ ಹೇಳಿದ್ದರು. ಬೇಗ ಏರಿಸಿಕೊಂಡು ಬಂದುಬಿಡು.

ನಿನ್ನ ಗುಂಡ


ಜನವರಿ 25

ಗುಂಡ,

ತೂಕ ಎಷ್ಟೆಂದು ನನಗೇ ಹೇಳುವುದಿಲ್ಲ, ನಿನಗೇನು ಬರೆಯಲಿ. ಸೋಮವಾರ ಬೆಳಿಗ್ಗೆ ಒಬ್ಬೊಬ್ಬರನ್ನೇ ಕರೆದು ಮೆಷಿನ್ನಿಗೆ ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ನರ್ಸ್ ನೋಡಿ ಬರೆದುಕೊಂಡು, “ಏರಿದೆ” ಅಥವಾ “ಇಳಿದಿದೆ” ಎನ್ನುತ್ತಾರೆ. ಅಷ್ಟೇ. ಅಂಕಿ ಕಂಡರೆ ನಾವು ಅದನ್ನೇ ಹಿಡಿದು ಜಗ್ಗುತ್ತೇವಂತೆ. ತಕ್ಕಡಿಯವರ ಮಗಳು ತಕ್ಕಡಿಗೆ ಬೆನ್ನು ಹಾಕಿ ನಿಂತದ್ದನ್ನು ಅಪ್ಪ ನೋಡಿದ್ದರೆ ಎರಡು ದಿನ ಮಾತು ಬಿಡುತ್ತಿದ್ದರು.

ಊಟದ ಮನೆಯಲ್ಲಿ ಒಂದೇ ಉದ್ದನೆಯ ಮೇಜು. ಮೊದಲ ತುತ್ತಿಗೆ ಮುಂಚೆ ಮೂರು ಉಸಿರು. ಆಮೇಲೆ ತುತ್ತಿನ ಬಿಸಿ, ತೂಕ, ಉಪ್ಪು. ಭಯ ಬಂದರೆ “ಭಯ ಬಂದಿದೆ” ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು; ಓಡಿಸಬಾರದು, ಕೂರಲು ಕುರ್ಚಿ ಕೊಡಬಾರದು. ಮೊನ್ನೆ ಗುಬ್ಬಿ ಒಂದು ಬ್ರೆಡ್ಡಿನ ಮುಂದೆ ಅರ್ಧ ಗಂಟೆ ಅತ್ತಳು. ನಾನು ಮೇಜಿನ ಕೆಳಗೆ ಅವಳ ಕೈ ಹಿಡಿದುಕೊಂಡಿದ್ದೆ. ಕೊನೆಗೆ ಅಂಚು ಬಿಟ್ಟು ತಿಂದಳು. ನನ್ನ ತಟ್ಟೆಯನ್ನು ಅಷ್ಟು ಹೊತ್ತು ಯಾರೂ ಗಮನಿಸಲಿಲ್ಲ. ಗಮನದ ಮನೆಯಲ್ಲೂ ಗಮನಕ್ಕೆ ಒಂದು ಮಿತಿ ಇದೆ.

ಒಂದು ಕೇಳಬೇಕಿತ್ತು, ಸುಮ್ಮನೆ ಕುತೂಹಲ. ಇಲ್ಲಿಯ ಎಲೆಕ್ಟ್ರಾನಿಕ್ ಮೆಷಿನ್ ಕೆಟ್ಟಿದೆ. ಅದು ರಿಪೇರಿಯಾಗಿ ಬರುವವರೆಗೆ ಸ್ಟೋರ್ ರೂಮಿನಿಂದ ಹಳೆಯದೊಂದು ತಂದಿದ್ದಾರೆ. ದುಂಡು ಮುಖ, ಮುಳ್ಳು, ಒಳಗೆ ಸ್ಪ್ರಿಂಗ್. ನಿಲ್ಲುವ ಮುಂಚೆ ಓರೆಗಣ್ಣಲ್ಲಿ ನೋಡಿದೆ: ಮೇಲೆ ಯಾರೂ ಇಲ್ಲದಾಗಲೂ ಮುಳ್ಳು ಸೊನ್ನೆಯಿಂದ ಎರಡು ಗೆರೆ ಮುಂದಿದೆ. ಹಾಗಿದ್ದರೆ ಏನರ್ಥ?

ನಿನ್ನ ಅಕ್ಕ


ಜನವರಿ 30

ಅಕ್ಕಾ,

ನಿನ್ನ ಕಾಗದವನ್ನು ನನ್ನವಳಿಗೆ ಎರಡು ಸಲ ಓದಿ ಹೇಳಿದೆ. ಹುಟ್ಟಿದ ಮೇಲೆ ಇದೇ ಮೊದಲು ನೀನು ನನ್ನ ಕಸುಬಿನ ಬಗ್ಗೆ ಒಂದು ಪ್ರಶ್ನೆ ಕೇಳಿದ್ದು. ಹಾಗಾಗಿ ಉತ್ತರ ಉದ್ದವಾಗುತ್ತದೆ, ಸಹಿಸಿಕೋ.

ಮುಳ್ಳು ಸೊನ್ನೆಯಲ್ಲಿ ನಿಲ್ಲದಿದ್ದರೆ ಅಡಿಯಲ್ಲಿ ಒಂದು ತಿರುಪು ಇರುತ್ತದೆ. ತಿರುಗಿಸಿದರೆ ಸೊನ್ನೆಗೆ ಬರುತ್ತದೆ. ಎಲ್ಲರೂ ಅಷ್ಟು ಮಾಡಿ ಸರಿಯಾಯಿತು ಎಂದುಕೊಳ್ಳುತ್ತಾರೆ. ಅದು ಜ್ವರದವನ ಮುಖ ತೊಳೆಸಿದ ಹಾಗೆ. ನಿಜವಾದ ರೋಗ ಒಳಗೆ. ಹಳೆಯ ಸ್ಪ್ರಿಂಗ್ ಸೋತಿರುತ್ತದೆ. ಸೋತ ಸ್ಪ್ರಿಂಗ್ ಭಾರ ಬಿದ್ದಾಗ ಹಿಗ್ಗಬೇಕಾದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ; ವಾರ ವಾರಕ್ಕೂ ಇನ್ನಷ್ಟು. ನಿಂತವರು ಇದ್ದ ಹಾಗೇ ಇರುತ್ತಾರೆ, ಮುಳ್ಳು ಮಾತ್ರ ಮುಂದೆ ಹೋಗುತ್ತಿರುತ್ತದೆ. ಮುಳ್ಳು ಸೊನ್ನೆಯಲ್ಲಿರುವುದರಿಂದ ಯಾರಿಗೂ ಅನುಮಾನವೂ ಬರುವುದಿಲ್ಲ. ನರ್ಸಿಗೆ ಹೇಳು: ಸ್ಪ್ರಿಂಗ್ ಬದಲಾಯಿಸದೆ ಅದರ ಮೇಲೆ ಯಾರನ್ನೂ ನಿಲ್ಲಿಸಬಾರದು. ತಪ್ಪದೆ ಹೇಳು.

ಇದನ್ನು ಬರೆಯುತ್ತಾ ಅಪ್ಪ ನೆನಪಾದರು. ಸೈಕಲ್ಲಿನಲ್ಲಿ ತಕ್ಕಡಿ ಪರೀಕ್ಷಿಸುವ ಇಪ್ಪತ್ತು ಕೆಜಿಯ ಕಬ್ಬಿಣದ ಬಟ್ಟು ಹೇರಿಕೊಂಡು ಅಂಗಡಿ ಅಂಗಡಿ ತಿರುಗಲಾರದೆ ನಿನ್ನನ್ನೇ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರಲ್ಲ. ಎಂಟು ವರ್ಷದ ನೀನು ಸರಿಯಾಗಿ ಇಪ್ಪತ್ತು. ರಿಪೇರಿ ಮುಗಿದ ತಕ್ಕಡಿಯ ಮೇಲೆ ನಿನ್ನನ್ನು ಹತ್ತಿಸಿ, “ನೋಡ್ಕೊಳಿ ಸಾವ್ಕಾರ್ರೇ, ಇಪ್ಪತ್ತಂದ್ರೆ ಇಪ್ಪತ್ತು” ಎನ್ನುತ್ತಿದ್ದರು. ಪ್ರತಿ ಅಂಗಡಿಯಲ್ಲೂ ನಿನಗೆ ಒಂದು ಪೆಪ್ಪರ್‌ಮೆಂಟು. ನಾನು ಗುಂಡಗಿದ್ದೆ, ನನ್ನ ತೂಕ ತಿಂಗಳಿಗೊಂದು. ನನ್ನನ್ನು ಯಾರು ಕರೆದೊಯ್ಯುತ್ತಾರೆ? ಬಾಗಿಲಲ್ಲಿ ಕೂತು ಅಳುತ್ತಿದ್ದೆ. ಅಪ್ಪನ ಮುದ್ದೆಲ್ಲ ನೀನೇ ಬಾಚಿಕೊಂಡೆ, ಈಗಲಾದರೂ ಒಪ್ಪಿಕೋ.

ನಿನ್ನ ಗುಂಡ


ಫೆಬ್ರವರಿ 8

ಗುಂಡ,

ಮೆಷಿನ್ ವಿಷಯ ಹೇಳಿದೆ. ನರ್ಸ್ ಅಲ್ಲೇ ಮಂಡಿಯೂರಿ ಕೂತು ತಿರುಪು ತಿರುಗಿಸಿದರು. ಮುಳ್ಳು ಸೊನ್ನೆಗೆ ಬಂದು ನಿಂತಿತು. ನಮ್ಮಲ್ಲಿ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇದ್ದಾರೆ; ಸಿಕ್ಕಿದ್ದೆಲ್ಲ ತಿಂದು ಆಮೇಲೆ ಅಳುವುದು ಅವರ ಕಾಯಿಲೆ. “ನಮ್ಮ ಬ್ರಾಂಚಲ್ಲೂ ವರ್ಷಕ್ಕೊಂದ್ಸಲ ಲೆಕ್ಕಾನ ಹೀಗೇ ಸೊನ್ನೆಗೆ ತರ್ತಿದ್ವಿ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಅಪ್ಪನ ವಿಷಯ. ನೀನು ಬಾಗಿಲಲ್ಲಿ ಕೂತು ಅಳುತ್ತಿದ್ದದ್ದು ನಿಜ. ಆದರೆ ಅಷ್ಟು ಹೊತ್ತಿಗೆ ನನ್ನ ಅರ್ಧ ದಿನ ಮುಗಿದಿರುತ್ತಿತ್ತು. ಬೆಳಿಗ್ಗೆ ಎದ್ದೊಡನೆ ವರ್ಕ್‌ಶಾಪಿನ ತಕ್ಕಡಿಯ ಮೇಲೆ ನನ್ನನ್ನು ನಿಲ್ಲಿಸುತ್ತಿದ್ದರು. ಇಪ್ಪತ್ತಿದ್ದರೆ ತಿಂಡಿ. ಒಂದು ಗೆರೆ ಹೆಚ್ಚಿದ್ದರೆ, “ಸುತ್ತು ಮುಗಿಸ್ಕೊಂಡು ಬಂದು ತಿನ್ನುವೆಯಂತೆ ಪುಟ್ಟಿ.” ಪೆಪ್ಪರ್‌ಮೆಂಟುಗಳನ್ನು ನಾನು ತಿನ್ನುತ್ತಿರಲಿಲ್ಲ. ಅವು ನಿನ್ನ ಹೊಟ್ಟೆಗೇ ಸೇರುತ್ತಿದ್ದವು, ನೆನಪಿಸಿಕೊಂಡು ನೋಡು. ಒಂಬತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಏನು ಮಾಡಿದರೂ ಇಪ್ಪತ್ತಕ್ಕೆ ಬರಲಿಲ್ಲ. ಅಪ್ಪ ನಗುತ್ತಾ, “ನಮ್ಮ ಇಪ್ಪತ್ತು ಕೆಜಿ ಕೆಟ್ಟೋಯ್ತು” ಎಂದು ಕಬ್ಬಿಣದ ಬಟ್ಟು ಕಟ್ಟಿಕೊಂಡು ಒಬ್ಬರೇ ಹೊರಟರು. ಆ ದಿನ ಬಾಗಿಲಲ್ಲಿ ಇಬ್ಬರೂ ಕೂತಿದ್ದೆವು. ನೀನು ಅಳಲಿಲ್ಲ, ಜೊತೆಗೆ ಒಬ್ಬಳು ಸಿಕ್ಕಳಲ್ಲ.

ಅಪ್ಪ ಕೆಟ್ಟವರಲ್ಲ. ಬೆನ್ನು ನೋವಿತ್ತು, ಬಟ್ಟು ಭಾರವಿತ್ತು. ಮೇಡಂ ಮುಂದೆ ಇದನ್ನು ಹೇಳುವಾಗಲೂ ಹೀಗೇ ಹೇಳಿದೆ. “ಸಮರ್ಥಿಸ್ಬೇಡಿ, ದೂರಬೇಡಿ. ಆ ಹುಡುಗಿ ತಕ್ಕಡಿ ಮೇಲೆ ನಿಂತಿದಾಳಲ್ಲ, ಅವಳ ಪಾದಕ್ಕೆ ಏನನ್ನಿಸ್ತಿದೆ ಹೇಳಿ” ಎಂದರು.

“ತಣ್ಣಗಿದೆ” ಎಂದೆ.

ನಿನ್ನ ಅಕ್ಕ


ಫೆಬ್ರವರಿ 13

ಅಕ್ಕಾ,

ಸತ್ತು ಹದಿನಾರು ವರ್ಷವಾದ ಮೇಲೆ ಅಪ್ಪನನ್ನು ಅಲ್ಲಿಗೆ ಕರೆದೊಯ್ದು ಗೊತ್ತಿಲ್ಲದವರ ಮುಂದೆ ನಿಲ್ಲಿಸುವುದು ಚಿಕಿತ್ಸೆಯೋ ಏನೋ, ನನಗೆ ಗೊತ್ತಿಲ್ಲ. ‘ಕೆಟ್ಟೋಯ್ತು’ ಎಂದು ಅಪ್ಪ ತಮಾಷೆಗೆ ಅಂದಿರುತ್ತಾರೆ. ನನ್ನನ್ನೂ ಸಾಯುವವರೆಗೆ ಗುಂಡ ಎಂದೇ ಕರೆದರು, ನಾನು ಯಾವ ಆಸ್ಪತ್ರೆ ಸೇರಿದೆ?

ಮೆಷಿನ್ ಸರಿಯಾದದ್ದು ಸಂತೋಷ. ಇಲ್ಲಿ ಎಲ್ಲರೂ ಕ್ಷೇಮ.

ಗುಂಡ


ಮಾರ್ಚ್ 1

ಪ್ರೀತಿಯ ಗುಂಡ,

ಹೋದ ಕಾಗದದಲ್ಲಿ ನೀನು ಸಿಟ್ಟಾಗಿದ್ದೆ. ಇರಲಿ. ಸಿಟ್ಟು ಬಂದಿದೆ ಎಂದು ಗಮನಿಸಿ ಪಕ್ಕಕ್ಕಿಟ್ಟಿದ್ದೇನೆ. ಇಲ್ಲಿ ಕಲಿತದ್ದು ಅಷ್ಟಾದರೂ ಉಪಯೋಗಕ್ಕೆ ಬಂತು.

ಒಳ್ಳೆಯ ಸುದ್ದಿ. ಐದು ಸೋಮವಾರದಿಂದ ನನಗೆ “ಏರಿದೆ”. ನನಗೊಬ್ಬಳಿಗೇ ಅಲ್ಲ, ಆರೂ ಜನಕ್ಕೂ ಪ್ರತಿವಾರ “ಏರಿದೆ”. ಮ್ಯಾನೇಜರಿಗೆ ಮಾತ್ರ ಅದು ಕೆಟ್ಟ ಸುದ್ದಿ. ಮೇಡಂ ಮುಖ ಅರಳಿದೆ. ಬೇರೆ ಊರಿನ ಡಾಕ್ಟರುಗಳಿಗೆ ನಮ್ಮ ಗುಂಪಿನ ಬಗ್ಗೆ ಹೇಳಲಿದ್ದಾರಂತೆ. ನನ್ನನ್ನು ಈಗ ಊಟದ ಮೇಲೆ ಒಬ್ಬಳನ್ನೇ ತೋಟದಲ್ಲಿ ಓಡಾಡಲು ಬಿಡುತ್ತಾರೆ.

ಗುಬ್ಬಿ ಬುಧವಾರ ಮನೆಗೆ ಹೋಗುತ್ತಾಳೆ. ಅವಳಿಗಿಟ್ಟ ತೂಕ ಬಂದಿದೆ, ಪರೀಕ್ಷೆಯೂ ಹತ್ತಿರ ಬಂದಿದೆ. ನಿನ್ನೆ ಅದೇ ಅಂಗಿ ತಂದು, “ಆಂಟಿ, ನಾನೀಗ ದಪ್ಪ ಆಗಿದೀನಂತೆ, ಹೊಲಿಗೆ ಬಿಚ್ಚಿಕೊಡಿ” ಎಂದಳು. ಬಿಚ್ಚಿದೆ. ದಪ್ಪ ಎಂಬ ಮಾತನ್ನು ಅಳದೆ ಹೇಳಿದಳಲ್ಲ, ಅದೇ ದೊಡ್ಡದು ಎಂದು ಮೇಡಂ ಹೇಳಿದರು.

ಅವಳಿಗೊಂದು ಬೀಳ್ಕೊಡುಗೆ ಪ್ರಾಸ ಬೇಕಂತೆ. ಎರಡು ದಿನದಿಂದ ಕೂತಿದ್ದೇನೆ, ಕೂಡುತ್ತಿಲ್ಲ.

ನಿನ್ನ ಅಕ್ಕ


ಮಾರ್ಚ್ 6

ಅಕ್ಕಾ,

ಶಾಭಾಷ್. ಆರೂ ಜನ ಒಟ್ಟಿಗೆ ಏರಿದರೆಂದರೆ ಆ ಮೇಡಂಗೆ ಒಂದು ಶಾಲು ಹೊದಿಸಬೇಕು. ನಾನು ಏನೇನೋ ಅಂದಿದ್ದೆ, ಮರೆತುಬಿಡು. ತಕ್ಕಡಿಗಳಿಗೆ ಸರ್ಕಾರದ ಮುದ್ರೆ ಒತ್ತಿಸುವ ತಿಂಗಳಿದು, ಊರಿನ ಅಂಗಡಿಯವರೆಲ್ಲ ನನ್ನ ಬಾಗಿಲಲ್ಲೇ. ಏಪ್ರಿಲ್‌ನಲ್ಲಿ ಖಂಡಿತ ಬರುತ್ತೇನೆ. ಬಹುಶಃ ನಿನ್ನನ್ನು ಕರೆದುಕೊಂಡೇ ಹೋಗಬಹುದು.

ಪ್ರಾಸ ಕೂಡದಿದ್ದರೆ ಬಿಡು, ಹುಡುಗಿಗೆ ಒಂದು ಸ್ವೆಟರ್ ಕೊಡು.

ನಿನ್ನ ಗುಂಡ


ಮಾರ್ಚ್ 24

ಅಕ್ಕಾ,

ಎರಡು ವಾರ ಕಳೆದರೂ ನಿನ್ನ ಉತ್ತರವಿಲ್ಲ. ನಿನ್ನೆ ಆಫೀಸಿಗೆ ಫೋನ್ ಮಾಡಿದೆ. “ಅವರು ಊಟದ ಮನೆಗೆ ಬರ್ತಿಲ್ಲ. ರೂಮಿಗೇ ಕೊಡ್ತಿದೀವಿ” ಎಂದರು. ಯಾಕೆ ಎಂದರೆ, “ಇಲ್ಲಿ ಸ್ವಲ್ಪ ಎಲ್ಲರಿಗೂ ಮನಸ್ಸು ಸರಿ ಇಲ್ಲ ಸಾರ್” ಎಂದು ಇಟ್ಟುಬಿಟ್ಟರು.

ಏನಾಗಿದೆ? ಒಂದು ಸಾಲಾದರೂ ಬರೆ.

ಗುಂಡ


ಮಾರ್ಚ್ 29

ಗುಂಡ,

ಗುಬ್ಬಿ ಹೋದಳು. ಮನೆಗಲ್ಲ. ಆ ಬುಧವಾರ ಮನೆ ಸೇರಿದವಳು ಈ ತಿಂಗಳು ಹದಿನೈದನೇ ತಾರೀಖು ಪರೀಕ್ಷೆಗೆ ಹೊರಟು ಬಸ್ ಸ್ಟಾಪಿನಲ್ಲಿ ನಿಂತಿದ್ದಳಂತೆ. ಕೂತವರು ಕೂತ ಹಾಗೇ ನೋಡುತ್ತಿದ್ದರಂತೆ, ಹುಡುಗಿ ಏನೋ ಬಿದ್ದದ್ದನ್ನು ಎತ್ತಿಕೊಳ್ಳಲು ಬಗ್ಗಿದಳು ಎಂದುಕೊಂಡು. ಹೃದಯ ನಿಂತಿತ್ತು.

ಮೇಡಂ ನಮ್ಮನ್ನೆಲ್ಲ ಕೂರಿಸಿ ಹೇಳಿದರು. “ಸರಿಯಾದ ತೂಕ ಇತ್ತು. ತೂಕ ಸರಿ ಇದ್ದೂ ಹೀಗಾಗಬಹುದು” ಎಂದು ಮತ್ತೆ ಮತ್ತೆ ಹೇಳಿದರು. ನಮಗಲ್ಲ, ತಮಗೇ ಹೇಳಿಕೊಳ್ಳುತ್ತಿದ್ದರು.

ತೂಕ ಸರಿ ಇರಲಿಲ್ಲ, ಗುಂಡ.

ನೀನು ಸ್ಪ್ರಿಂಗ್ ಬಗ್ಗೆ ಬರೆದ ಹಾಳೆಯನ್ನು ನಾನು ನಾಲ್ಕು ಸಲ ಓದಿ, ಮಡಚಿ, ದಿಂಬಿನ ಚೀಲದೊಳಗೆ ಇಟ್ಟುಕೊಂಡೆ. ನರ್ಸಿಗೆ ಹೇಳಿದ್ದು ಇಷ್ಟೇ: “ಸಿಸ್ಟರ್, ಮುಳ್ಳು ಸೊನ್ನೆಯಲ್ಲಿಲ್ಲ.” ತಿರುಪು ತಿರುಗಿಸಿದರು, ನಾನು ಚಪ್ಪಾಳೆ ತಟ್ಟಿದೆ. ನಿನಗೆ ಸುಳ್ಳು ಬರೆಯಲಿಲ್ಲ, ಅರ್ಧ ಬರೆದೆ. ಆ ಮೆಷಿನ್ ಎಷ್ಟು ದಿನ ಹೆಚ್ಚು ತೋರಿಸುತ್ತದೋ ಅಷ್ಟು ದಿನ ನಾನು ತಿನ್ನುವ ನಾಟಕ ಆಡಬಹುದು, ಯಾರೂ ನನ್ನನ್ನು ಮುಟ್ಟುವುದಿಲ್ಲ ಎಂಬುದು ನನ್ನ ಲೆಕ್ಕ. ಪ್ರತಿ ಸೋಮವಾರ “ಏರಿದೆ” ಎಂದಾಗ ಒಳಗೊಳಗೇ ಹಿಗ್ಗುತ್ತಿದ್ದೆ. ಕಣ್ಣು ಮುಚ್ಚಿ ಉಸಿರು ಗಮನಿಸಿ ಎಂದರೆ ಅದನ್ನೇ ಗಮನಿಸುತ್ತಿದ್ದೆ, ಎಷ್ಟು ಚೆನ್ನಾಗಿ ಮೋಸ ಮಾಡುತ್ತಿದ್ದೇನೆ ಎಂಬುದನ್ನು.

ಅದು ನನ್ನೊಬ್ಬಳ ಸುಳ್ಳು ಎಂದುಕೊಂಡಿದ್ದೆ. ತಕ್ಕಡಿಯವರ ಮಗಳಿಗೆ ಇಷ್ಟು ತಿಳಿಯಬಾರದೆ? ಮೆಷಿನ್ನಿಗೆ ನಮ್ಮವರು ತಮ್ಮವರು ಇಲ್ಲ. ನನ್ನ ಹಿಂದೆ ಸಾಲಿನಲ್ಲಿ ಅವಳು ನಿಂತಿರುತ್ತಿದ್ದಳು.

ಇನ್ನೂ ಇದೆ. ಅಂಗಿಯ ಹೊಲಿಗೆ ಬಿಚ್ಚಿದೆ ಎಂದು ನಿನಗೆ ಬರೆದೆ. ಬಿಚ್ಚಿ ತೊಡಿಸಿದಾಗ ಅದು ಜನವರಿಯಲ್ಲಿ ಜಾರಿದ ಹಾಗೆಯೇ ಭುಜದಿಂದ ಜಾರಿತು ಎಂದು ಬರೆಯಲಿಲ್ಲ. ಮೂವತ್ತು ವರ್ಷದಿಂದ ಜನರ ಅಳತೆ ತೆಗೆಯುವ ಕೈ ಇದು. ಎರಡು ಬೆರಳು ಇಟ್ಟರೆ ಸಾಕು, ಗೊತ್ತಾಗುತ್ತದೆ. ಗೊತ್ತಾಯಿತು. “ಈ ಬಟ್ಟೆ ಸಡಿಲ ಬಿಟ್ಕೊಳ್ಳುತ್ತೆ ಮಗಾ” ಎಂದು ಹೇಳಿ ಮತ್ತೆ ಅದೇ ಗೆರೆಯ ಮೇಲೆ ಹೊಲಿದು ಕೊಟ್ಟೆ. ಅವಳು ಕನ್ನಡಿ ನೋಡಿಕೊಂಡು, “ಸರಿಯಾಯ್ತಲ್ಲ ಆಂಟಿ” ಎಂದಳು.

ಸೋಮವಾರ ಮತ್ತೆ ತೂಕ. ಉಳಿದ ಐದು ಜನ ಅದೇ ಮೆಷಿನ್ ಮೇಲೆ. ನನಗೆ ಹೇಳಲು ಬಾಯಿ ಬರುತ್ತಿಲ್ಲ. ನೀನು ಯಾರಿಗೂ ಹೇಳಬೇಡ. ಹೇಳು. ನನಗೆ ಗೊತ್ತಾಗುತ್ತಿಲ್ಲ.

ಅಕ್ಕ


ಏಪ್ರಿಲ್ 2

ಅಕ್ಕಾ,

ನಿನ್ನ ಕಾಗದ ಓದಿ ಮುಗಿದ ಹತ್ತು ನಿಮಿಷಕ್ಕೆ ಆಫೀಸಿಗೆ ಫೋನ್ ಮಾಡಿದೆ. ಮೆಷಿನ್ನಿನ ಸ್ಪ್ರಿಂಗ್ ಸೋತಿದೆ, ಇವತ್ತೇ ತೆಗೆದಿಡಿ, ಎಲ್ಲರನ್ನೂ ಬೇರೆ ಕಡೆ ತೂಗಿಸಿ ಎಂದೆ. “ನಿಮಗೆ ಹೇಗೆ ಗೊತ್ತು?” ಎಂದರು. ನಾನು ತಕ್ಕಡಿಯವನು, ಅಕ್ಕ ಕಾಗದದಲ್ಲಿ ಮೆಷಿನ್ ಬಗ್ಗೆ ಬರೆದಿದ್ದಳು, ನನಗೆ ಈಗ ಹೊಳೆಯಿತು ಎಂದೆ. ಉಳಿದದ್ದನ್ನು ಹೇಳಲಿಲ್ಲ. ಅದು ನೀನು ಹೇಳಬೇಕಾದ್ದು.

‘ಈಗ ಹೊಳೆಯಿತು’ ಎಂದದ್ದು ಸುಳ್ಳು.

ತಿರುಪು ತಿರುಗಿಸಿದರು ಎಂದು ನೀನು ಬರೆದಾಗ ಅಪ್ಪನ ವಿಷಯದ ಸಿಟ್ಟಿನಲ್ಲಿ ಸ್ಪ್ರಿಂಗ್ ಏನಾಯಿತು ಎಂದು ನಾನು ಕೇಳಲೇ ಇಲ್ಲ. ಆರೂ ಜನಕ್ಕೂ ವಾರ ವಾರವೂ ಏರಿದೆ ಎಂದು ನೀನು ಮಾರ್ಚಿನಲ್ಲಿ ಬರೆದೆಯಲ್ಲ. ಆ ಸಾಲು ಓದುತ್ತಿದ್ದ ಹಾಗೇ ನನ್ನ ಕೈ ನಿಂತಿತು. ಆರು ಮೈ, ಆರು ಬುದ್ಧಿ, ಆರು ಕಾಯಿಲೆ. ಒಂದು ವಾರವೂ ಒಬ್ಬರಿಗೂ ಇಳಿಯದೆ ಏರುವುದುಂಟೆ? ಮೈ ಹಾಗೆ ಏರುವುದಿಲ್ಲ. ಸ್ಪ್ರಿಂಗ್ ಏರುತ್ತದೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುವ ನನಗೆ ಅದು ತಿಳಿಯಲು ಅರ್ಧ ನಿಮಿಷವೂ ಬೇಕಿರಲಿಲ್ಲ.

ನನ್ನವಳು ಮುಖ ನೋಡಿ ಕೇಳಿದಳು, “ಏನಾಯ್ತು?”

“ಏನಿಲ್ಲ. ಅಕ್ಕ ಹುಷಾರಾಗ್ತಿದಾಳೆ.”

“ಮತ್ತೆ ಮುಖ ಯಾಕೆ ಹಾಗಿದೆ?”

“ಬಿಸಿಲು.”

ಫೋನ್ ಕೈಗೆತ್ತಿಕೊಂಡೆ. ನಂಬರು ಒತ್ತಿ, ಹೋಗುವ ಮುಂಚೆ ಕಟ್ ಮಾಡಿದೆ. ಹೇಳಿದರೆ ನಿನ್ನನ್ನು ಇನ್ನೂ ಮೂರು ತಿಂಗಳು ಇಟ್ಟುಕೊಳ್ಳುತ್ತಾರೆ. ಹೇಳಿದರೆ ನೀನು ಹುಷಾರಾಗಿಲ್ಲ ಎಂದು ನನಗೆ ಗೊತ್ತಾಗಿಬಿಡುತ್ತದೆ. ಕೂತು ಶಾಭಾಷ್ ಎಂದು ಬರೆದೆ. ಅಂದು ಮಾರ್ಚ್ ಆರು. ಹದಿನೈದಕ್ಕೆ ಒಂಬತ್ತು ದಿನವಿತ್ತು.

ಅಪ್ಪನ ವಿಷಯಕ್ಕೆ ನಿನ್ನ ಮೇಲೆ ರೇಗಿದೆನಲ್ಲ, ಪೆಪ್ಪರ್‌ಮೆಂಟುಗಳು ನನಗೆ ನೆನಪಿವೆ. ನೀನು ಫ್ರಾಕಿನ ಜೇಬಿನಿಂದ ತೆಗೆದು ಕೊಡುತ್ತಿದ್ದೆ. ನೀನು ಯಾಕೆ ತಿನ್ನುವುದಿಲ್ಲ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಎಲ್ಲಿ ವಾಪಸ್ ಇಸಿದುಕೊಳ್ಳುತ್ತೀಯೋ ಎಂದು.

ಮೇಡಂಗೆ ಹೇಳು ಅಕ್ಕಾ. ನಾನು ಬರಲೆ? ನೀನು ಹೂಂ ಎಂದರೆ ಆ ರಾತ್ರಿಯೇ ರೈಲು ಹತ್ತುತ್ತೇನೆ.

ಗುಂಡ


ಏಪ್ರಿಲ್ 20

ಗುಂಡ,

ಈಗ ಬರಬೇಡ. ಮೇ ಮೊದಲ ವಾರ ಬಾ.

ನಿನ್ನ ಫೋನ್ ಬಂದ ದಿನವೇ ಎಲ್ಲರನ್ನೂ ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ದು ತೂಗಿದರು. ನನ್ನನ್ನು ಅಂದೇ ವಾಪಸ್ ಕರೆತರಲಿಲ್ಲ. ಒಂಬತ್ತು ದಿನ ಅಲ್ಲೇ ಕೈಗೆ ಸೂಜಿ ಚುಚ್ಚಿ ಮಲಗಿಸಿದ್ದರು. ಮೇಡಂ ನೋಡಲು ಬಂದಾಗ, ಗಾಡಿ ಹತ್ತುವ ಮುಂಚೆ ದಿಂಬಿನ ಚೀಲದಿಂದ ತೆಗೆದಿಟ್ಟುಕೊಂಡಿದ್ದ ನಿನ್ನ ಆ ಹಾಳೆ ಕೊಟ್ಟೆ. ನರ್ಸಿಗೆ ಹೇಳಿದ್ದು, ಹೇಳದೆ ಬಿಟ್ಟದ್ದು, ಅಂಗಿ, ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. ಉಸಿರು ಗಮನಿಸುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನೋಡಿದರೆ ಅಳುತ್ತಿದ್ದರು.

“ಮನೆಗೆ ಹೋಗ್ಲಿ ಅಂತ ಸೈನ್ ಮಾಡಿದ್ದು ನಾನು. ಅವಳ ಮುಖ ನೋಡದೆ ಚಾರ್ಟ್ ನೋಡಿದೆ” ಎಂದರು.

ಅವಳ ತೂಕ ಇನ್ನೊಂದಿಷ್ಟು ಇದ್ದಿದ್ದರೆ ಉಳಿಯುತ್ತಿದ್ದಳೇ ಎಂದು ದೊಡ್ಡಾಸ್ಪತ್ರೆಯ ಡಾಕ್ಟರನ್ನು ಕೇಳಿದೆ. “ಹೇಳೋಕಾಗಲ್ಲ” ಎಂದರು. ಆ ಉತ್ತರವನ್ನು ನಾನು ಇನ್ನು ಇಟ್ಟುಕೊಂಡು ಬಾಳಬೇಕು.

ಅವಳ ತಾಯಿಗೆ ಕಾಗದ ಬರೆದೆ. ಎರಡು ಪುಟ, ನಿನಗೆ ಬರೆದದ್ದನ್ನೇ, ಪೂರ್ತಿ. ಉತ್ತರ ಬರಲಿಲ್ಲ. ಮೊನ್ನೆ ಮಧ್ಯಾಹ್ನ ಅವರೇ ಬಂದರು. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೆಲಸವಂತೆ. ಗಾಜಿನ ಹಿಂದೆ ಕೂತವರ ಹಾಗೆ ಒಂದೊಂದೇ ಮಾತು, ಒಂದೇ ಸ್ವರದಲ್ಲಿ. ನಾನು ಎದ್ದು ನಿಂತೆ. ಬೈಯಲಿ, ಹೊಡೆಯಲಿ ಎಂದು ಮೈ ಗಟ್ಟಿ ಮಾಡಿಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತು ಕೇಳಿದ್ದು ಏನು ಗೊತ್ತೆ?

“ಊಟ ಆಯ್ತಾ?”

“ಆಯ್ತು” ಎಂದೆ. ಮೂವತ್ತು ವರ್ಷದಿಂದ ಎಲ್ಲರಿಗೂ ಹೇಳುವ ಹಾಗೆ ಬಾಯಿಗೆ ತಾನಾಗಿ ಬಂತು. ಅವರು ನನ್ನನ್ನೇ ನೋಡುತ್ತಿದ್ದರು. “ಇಲ್ಲ. ಆಗಿಲ್ಲ” ಎಂದೆ.

“ತರಿಸ್ಕೊಳ್ಳಿ. ನಾನು ಕೂತಿರ್ತೀನಿ.”

ತಟ್ಟೆ ಬಂತು. ಬೇಯಿಸಿದ ಆಲೂಗಡ್ಡೆ, ಒಂದು ಮೊಟ್ಟೆ, ಎರಡು ಬ್ರೆಡ್ಡು. ಅವರು ಕೈಚೀಲ ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಕೂತರು. ಮೊದಲ ತುತ್ತು ಬಾಯಿಗಿಟ್ಟೆ. ಎಡಗಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಇವತ್ತು ಬೇಡ ಎಂದು ಒಳಗಿನಿಂದ ಒಬ್ಬಳು ಹೇಳುತ್ತಿದ್ದಳು. ಎಲ್ಲವನ್ನೂ ಗಮನಿಸಿದೆ. ನಾಟಕವಿಲ್ಲದೆ ಗಮನಿಸಿದ್ದು ಅದೇ ಮೊದಲು. ಮುಂದಿನ ತುತ್ತು ಎತ್ತಿದೆ.

ಅರ್ಧಕ್ಕೆ ಬಂದಾಗ ಅವರು ಹೇಳಿದರು, “ಏಳು ವರ್ಷ ಆಯ್ತು ಅವಳು ತಟ್ಟೆ ಖಾಲಿ ಮಾಡಿದ್ದು ನೋಡಿ. ದಿನಾ ಎದುರಿಗೆ ಕೂರ್ತಿದ್ದೆ. ಬೇಡಮ್ಮ ನೋಡ್ಬೇಡ ಅನ್ನೋಳು. ಎದ್ದು ಹೋಗ್ತಿದ್ದೆ.”

ನಾನು ತಲೆ ಎತ್ತಲಿಲ್ಲ. ತಿಂದೆ. ಐವತ್ತು ನಿಮಿಷ ಹಿಡಿಯಿತು. ಖಾಲಿಯಾದ ತಟ್ಟೆಯನ್ನು ಅವರು ಎರಡೂ ಕೈಯಲ್ಲಿ ಹತ್ತಿರ ಎಳೆದುಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದರು.

“ನಿಮ್ಮನ್ನ ಕ್ಷಮಿಸಿದೀನಿ ಅಂತ ಅಂದ್ಕೋಬೇಡಿ” ಎಂದರು. “ನಾಳೆನೂ ತಿನ್ನಿ. ರೈಲಿಗೆ ಹೊತ್ತಾಯ್ತು.”

ಗೇಟಿನವರೆಗೂ ಹೋಗಲು ನನಗೆ ಧೈರ್ಯ ಬರಲಿಲ್ಲ. ಕಿಟಕಿಯಿಂದ ನೋಡಿದೆ. ಬೇಗ ಬೇಗ ನಡೆದು ಹೋದರು.

ನಿನ್ನೆ ತಿಂದೆ. ಇವತ್ತೂ ತಿಂದೆ. ಆದರೆ ಒಂದು ವಿಷಯ ಮೇಡಂಗೂ ಹೇಳಲಾಗಲಿಲ್ಲ, ನಿನಗೆ ಬರೆಯುತ್ತಿದ್ದೇನೆ. ಮೊನ್ನೆ ಆ ಆಲೂಗಡ್ಡೆಗೆ ಉಪ್ಪು ಸರಿಯಾಗಿತ್ತು, ಗುಂಡ. ಆಕೆ ಎದುರಿಗೆ ಕೂತಿದ್ದರು, ನನಗೆ ರುಚಿಯಾಗಿತ್ತು.

ಅಕ್ಕ